ಟಗರುಗೊಂಬಿನ ಸೈಕಲ್ಲು

(ಬಾನುಲಿ ಭಾಷಣ)



ಸೈಕಲ್ಲನ್ನು ಕುರಿತು ಮಾತನಾಡಲು ಕನ್ನಡದ ಮೇಷ್ಟರೊಬ್ಬನಿಗೆ ಏನು ಅಧಿಕಾರವೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹಳಗನ್ನಡ ಕಾವ್ಯ, ವ್ಯಾಕರಣ, ಶಾಸನ ಇವುಗಳ ಪಾಠ ಹೇಳಿ ನಿವೃತ್ತನಾದವನು ನಾನು. ಯಂತ್ರಶಾಸ್ತ್ರದಲ್ಲಿ ನನಗೆ ಯಾವ ಪದವಿಯೂ ಇಲ್ಲ. ಆದರೆ ಸೈಕಲ್ಲು ವಿಚಿತ್ರವಾದ ಯಂತ್ರ. ಬೇರೆ ಯಂತ್ರಗಳಲ್ಲಿ ಇಂಜಿನು ಒಂದು ಕಡೆ, ಅದನ್ನು ನಡೆಸುವ ಮನುಷ್ಯ ಇನ್ನೊಂದು ಕಡೆ. ಇಲ್ಲಿ ಇಂಜಿನೂ ಅವನೇ, ಚಾಲಕನೂ ಅವನೇ, ಹೊರೆಯೂ ಅವನೇ. ಆದಕಾರಣ ಅರುವತ್ತು ದಾಟಿದ ಒಂದು ಜೊತೆ ಮೊಣಕಾಲುಗಳೇ ಈ ಭಾಷಣಕ್ಕೆ ನನಗೆ ಅಧಿಕಾರಪತ್ರ ಬರೆದುಕೊಟ್ಟಿವೆ ಎಂದು ತಿಳಿಯಿರಿ.

ಕಾಲುವೆಯ ಏರಿ, ಗಾಡಿಜಾಡು, ಕಬ್ಬಿನ ಗದ್ದೆಯ ನಡುವಣ ದಾರಿ, ಇಂಥ ಟಾರು ಕಾಣದ ಹಾದಿಗಳಲ್ಲಿ ದಿನವಿಡೀ ಹೋಗಬಲ್ಲ, ಬಾಗಿದ ಹ್ಯಾಂಡಲಿನ ಒಂದು ಸೈಕಲ್ಲನ್ನು ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಅದನ್ನು ಮೈಗೂ ದಾರಿಗೂ ಹೊಂದಿಸಿಕೊಳ್ಳುವುದು ಹೇಗೆ ಎಂಬುದು ಇಂದಿನ ವಿಷಯ. ಹುಡುಗರು ಈ ಬಗೆಯದನ್ನು ರೇಸ್ ಹ್ಯಾಂಡಲ್ ಎನ್ನುತ್ತಾರೆ. ಟಗರಿನ ಕೊಂಬಿನಂತೆ ಮುಂದಕ್ಕೆ ಚಾಚಿ ಕೆಳಕ್ಕೆ ಸುತ್ತಿಕೊಳ್ಳುವುದರಿಂದ ನಾನು ಅದಕ್ಕೆ ಟಗರುಗೊಂಬು ಎಂದು ಹೆಸರಿಟ್ಟಿದ್ದೇನೆ.

ಇಂಥದೊಂದನ್ನು ಕಟ್ಟುವ ಅಗತ್ಯವೇನು ಬಂತು? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿವೆ, ನಾಗಮಂಗಲದವು 7ನೆಯದರಲ್ಲಿವೆ. ತರಗತಿಯಲ್ಲಿ ಈ ಪಾಠಗಳನ್ನು ಎಷ್ಟೋ ಬಾರಿ ಓದಿಸಿದ್ದೇನೆ. ಆದರೆ ಸಂಪುಟವಿರುವುದು ಕಪಾಟಿನಲ್ಲಿ. ಕಲ್ಲಿರುವುದು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಕೆಳಗೆ, ಮಾರಿಗುಡಿಯ ಹಿಂದಣ ಲಾಂಟಾನದ ಪೊದೆಯಲ್ಲಿ. ಅಗ್ರಹಾರ ಬಾಚಹಳ್ಳಿಯಲ್ಲಿ ಹೊಯ್ಸಳ ಅರಸರಿಗಾಗಿ ಪ್ರಾಣ ಒಪ್ಪಿಸಿದ ಗರುಡರ ಕಂಬಗಳಿವೆ. ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಇಂಥ ಹೆಸರಾದ ಸ್ಥಳಗಳಿಗೆ ಹೇಗಾದರೂ ಹೋಗಬಹುದು. ಆದರೆ ಹೆಸರಿಲ್ಲದ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಇವೆಯಲ್ಲ, ಅವುಗಳ ಬಳಿಗೆ ಬಸ್ಸು ಹೋಗುವುದಿಲ್ಲ. ಕಾರಿನಲ್ಲಿ ಹೋದವನಿಗೆ ಅವು ಕಾಣುವುದಿಲ್ಲ. ನಡೆದೇ ಹೋಗೋಣವೆಂದರೆ ದಿನಕ್ಕೆ ಒಂದೂರು ಮುಗಿದರೆ ಹೆಚ್ಚು. ಸೈಕಲ್ಲಿನ ಮೇಲೆ ಕುಳಿತವನ ಕಣ್ಣು ಬೇಲಿಗಿಂತ ಎತ್ತರದಲ್ಲಿರುತ್ತದೆ. ವೇಗವು ಕಲ್ಲೊಂದನ್ನು ಗುರುತಿಸುವಷ್ಟು ನಿಧಾನವಾಗಿಯೂ, ಮುಂದಿನ ಊರನ್ನು ಮುಟ್ಟುವಷ್ಟು ಚುರುಕಾಗಿಯೂ ಇರುತ್ತದೆ.

ಇನ್ನೊಂದು ಕಾರಣವೂ ಉಂಟು. ಬೆಂಗಳೂರು ಮೈಸೂರು ನಡುವಣ ಹೆದ್ದಾರಿ ಈಗ ಹಿಂದಿನ ಹೆದ್ದಾರಿಯಲ್ಲ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಯಂತ್ರವಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಅಷ್ಟು ವೇಗದ ವಾಹನಗಳ ನಡುವೆ ಸೈಕಲ್ಲಿನವನ ಜೀವಕ್ಕೆ ಬೆಲೆಯಿಲ್ಲವಾದುದರಿಂದ ಆ ನಿಯಮವನ್ನು ನಾನು ದೂರುವವನಲ್ಲ. ಆದರೆ ದೊಡ್ಡ ರಸ್ತೆಯಿಂದ ಇಳಿದ ಸೈಕಲ್ಲು ಹೋಗಬೇಕಾದುದೆಲ್ಲಿಗೆ? ಪಕ್ಕದ ರಸ್ತೆಗೆ, ಅಲ್ಲಿಂದ ಹಳ್ಳಿಯ ರಸ್ತೆಗೆ, ಅಲ್ಲಿಂದ ಮುಂದೆ ಏರಿಗೆ, ಗಾಡಿಜಾಡಿಗೆ. ಹಾಗಿರುವಲ್ಲಿ ಆ ಜಾಡನ್ನು ತಾಳಿಕೊಳ್ಳುವಂಥ ಸೈಕಲ್ಲು ಬೇಡವೆ?

ನಮ್ಮ ಹಳೆಯ ಕರಿಯ ಸೈಕಲ್ಲು ಅಂಥದಲ್ಲವೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ತಲೆಬಾಗುತ್ತೇನೆ. ಮಂಡ್ಯ ಸೀಮೆಯ ಹಾಲು, ಹುಲ್ಲು, ಹಿಂಡಿ, ಬೆಲ್ಲ, ಮಗಳ ಮದುವೆಯ ಲಗ್ನಪತ್ರಿಕೆ ಎಲ್ಲವನ್ನೂ ಹೊತ್ತದ್ದು ಅದೇ. ನಾವೆಲ್ಲ ಕಾಲು ಎಟುಕದ ವಯಸ್ಸಿನಲ್ಲಿ ಒಳಪೆಡಲು ಹೊಡೆದು ಕಲಿತದ್ದು ಅದರಲ್ಲಿಯೇ. ಅದರ ಉದ್ದನೆಯ ಮೈ, ಒರಗಿದ ಫೋರ್ಕು, ಮುಂದೆ 32 ಹಿಂದೆ 40 ಕಡ್ಡಿಗಳ ಚಕ್ರ, ಇವೆಲ್ಲ ಕೆಟ್ಟ ದಾರಿಗೆಂದೇ ಹುಟ್ಟಿದವು. ಆದರೆ ಅದಕ್ಕಿರುವುದು ಒಂದೇ ಗೇರು. ಮುಂದೆ 48 ಹಲ್ಲು, ಹಿಂದೆ 18 ಹಲ್ಲು ಎಂದಿಟ್ಟುಕೊಳ್ಳಿ. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು ಆರು ಮೀಟರು ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಸುಖ. ಮೇಲುಕೋಟೆಯ ಏರಿನಲ್ಲಿ ಇದು ಮೊಣಕಾಲಿಗೆ ಶಿಕ್ಷೆ. ಅಲ್ಲದೆ ನೆಟ್ಟಗೆ ಕುಳಿತ ಸವಾರನ ಎದೆ ಎದುರುಗಾಳಿಗೆ ಬಾಗಿಲಿನ ಕದದಂತೆ ನಿಲ್ಲುತ್ತದೆ.

ಈ ತೊಡಕನ್ನು ಕಂಡವರು ನಾವೇ ಮೊದಲಲ್ಲ. ಫ್ರಾನ್ಸಿನ ಸೇಂತ್ ಎತಿಯೆನ್ ಎಂಬ ಊರಿನಲ್ಲಿ ಪೌಲ್ ದ ವಿವಿ ಎಂಬಾತನಿದ್ದ. ವೆಲೋಸಿಯೋ ಎಂದು ಪ್ರಸಿದ್ಧ. ಬೆಟ್ಟದ ದಾರಿಯ ಸವಾರನಿಗೆ ಹಲವು ಗೇರುಗಳು ಅವಶ್ಯವೆಂದು ಆತ 1930ರಲ್ಲಿ ತೀರಿಕೊಳ್ಳುವವರೆಗೂ ವಾದಿಸಿದ. ಗೇರು ಬದಲಿಸುವುದು ಹೆಂಗಸರಿಗೂ ಮುದುಕರಿಗೂ ತಕ್ಕದ್ದೆಂದು ಪಂದ್ಯದವರು ನಕ್ಕರು. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಚೈನು ಸರಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಇಂಗ್ಲೆಂಡಿನಲ್ಲಿ 1955ರಲ್ಲಿ ಕೆಲವರು ಸೇರಿ ರಫ್ ಸ್ಟಫ್ ಫೆಲೋಶಿಪ್ ಎಂಬ ಸಂಘ ಕಟ್ಟಿದರು. ಟಾರು ರಸ್ತೆ ಬಿಟ್ಟು ಕುರಿದಾರಿಗಳಲ್ಲಿ ಹೋಗುವುದೇ ಅವರ ಉದ್ದೇಶ. ಅವರಲ್ಲಿ ಬಹುಮಂದಿ ತುಳಿದದ್ದು ಬಾಗಿದ ಹ್ಯಾಂಡಲಿನ ಸೈಕಲ್ಲುಗಳನ್ನೇ. 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದವರು ದಪ್ಪ ಟೈರಿನ ಬೆಟ್ಟದ ಸೈಕಲ್ಲನ್ನು ರೂಪಿಸಿದರು. ನಮ್ಮವರೇನು ಕಡಮೆಯಲ್ಲ: ಆದಿ ಹಕೀಂ, ಜಾಲ್ ಬಾಪಸೋಲ, ರುಸ್ತುಂ ಭೂಮ್‌ಗಾರ ಎಂಬ ಮೂವರು ತರುಣರು 1923ರಲ್ಲಿ ಮುಂಬಯಿಯಿಂದ ಸೈಕಲ್ಲೇರಿ ಹೊರಟು ಪ್ರಪಂಚ ಸುತ್ತಿ 1928ರಲ್ಲಿ ಮನೆಗೆ ಬಂದರು. ಅವರ ಮುಂದೆ ನಾಲ್ಕು ತಾಲೂಕು ಸುತ್ತುವ ನಾನು ಮನೆಯಂಗಳದ ಪ್ರವಾಸಿ.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಮೊದಲಿಗೇ ನಾನೊಂದು ಒರೆಗಲ್ಲು ಇಟ್ಟುಕೊಂಡೆ. ಈ ನಾಲ್ಕು ತಾಲೂಕು ಪಟ್ಟಣಗಳ ಪೈಕಿ ಯಾವುದರಲ್ಲಿಯೂ ರಿಪೇರಿಯಾಗದ ಭಾಗವು ಎಷ್ಟು ಹಗುರವಾಗಿದ್ದರೂ, ಎಷ್ಟು ಹೊಳೆಯುತ್ತಿದ್ದರೂ ನನಗೆ ಬೇಡ. ಈ ಒಂದು ನಿಯಮದಿಂದ ಉಳಿದ ನಿರ್ಧಾರಗಳೆಲ್ಲ ತಾವಾಗಿಯೇ ಹುಟ್ಟಿದವು.

ಫ್ರೇಮಿನ ವಿಷಯ. ಈಗ ಅಲ್ಯುಮಿನಿಯಂ ಉಂಟು, ಇಂಗಾಲದ ನಾರಿನದೂ ಉಂಟು. ನಾನು ಆರಿಸಿದ್ದು ಉಕ್ಕು. ಬಂಧುಗಳೊಬ್ಬರ ಮನೆಯ ಅಟ್ಟದಲ್ಲಿ 1990ರ ದಶಕದ ಬೆಟ್ಟದ ಸೈಕಲ್ಲೊಂದು ಧೂಳು ಹಿಡಿದು ಮಲಗಿತ್ತು. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆ. ಸ್ಪ್ರಿಂಗಿಲ್ಲದ ನೆಟ್ಟನೆಯ ಫೋರ್ಕು. ಆ ಕಾಲದ ಇಂಥ ಫ್ರೇಮುಗಳು ದೀರ್ಘಪ್ರಯಾಣಕ್ಕೆ ಬಲು ಯೋಗ್ಯ. ಹಿಂದಣ ಚಕ್ರ ಸಾಕಷ್ಟು ಹಿಂದಕ್ಕಿರುವುದರಿಂದ ಚೀಲ ಕಟ್ಟಿದರೆ ಹಿಮ್ಮಡಿಗೆ ತಾಗುವುದಿಲ್ಲ. ದಪ್ಪ ಟೈರಿಗೂ ಮಡ್‌ಗಾರ್ಡಿಗೂ ಎಡೆಯಿದೆ. ಗೇರಿನ ತೋಳು ಕೂರುವ ಹಿಂದಣ ಕಿವಿ ಎಲ್ಲಿಯಾದರೂ ಬಿದ್ದು ಬಾಗಿದರೆ ಉಕ್ಕಾದುದರಿಂದ ಮತ್ತೆ ನೇರಮಾಡಿಕೊಳ್ಳಬಹುದು.

ಚಕ್ರದ ಗಾತ್ರದಲ್ಲಿ ನನ್ನ ಒರೆಗಲ್ಲು ಚೆನ್ನಾಗಿ ಕೆಲಸಮಾಡಿತು. ನಮ್ಮ ಕರಿಯ ಸೈಕಲ್ಲಿನ 28 ಅಂಗುಲದ ಟೈರು ಕೂರುವ ರಿಮ್ಮಿನ ಅಡ್ಡಳತೆ 635 ಮಿಲಿಮೀಟರು. ಈಗಿನ ಪ್ರವಾಸೀ ಸೈಕಲ್ಲುಗಳಿಗೆ ಸಾಮಾನ್ಯವಾಗಿ 622. ಎರಡಕ್ಕೂ ಅಂತರ ಕೇವಲ 13 ಮಿಲಿಮೀಟರು. ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರದು. ಬೆಟ್ಟದ ಸೈಕಲ್ಲಿನ 26 ಅಂಗುಲದ ರಿಮ್ಮಿನ ಅಳತೆ 559. ಶಾಲೆಗೆ ಹೋಗುವ ಹುಡುಗರ ದಪ್ಪ ಟೈರಿನ ಸೈಕಲ್ಲುಗಳ ಅಳತೆಯೂ ಬಹುಮಟ್ಟಿಗೆ ಇದೇ. ಆದ್ದರಿಂದ ಪೇಟೆಯ ಅಂಗಡಿಯಲ್ಲಿ ತೂಗುಹಾಕಿದ ಟೈರು ಕಷ್ಟಕಾಲದಲ್ಲಿ ನನ್ನ ಚಕ್ರಕ್ಕೂ ಆದೀತು. ಹಬ್ಬುಗಳೂ ಹಾಗೆಯೇ, ಗುಂಡು ಮತ್ತು ಕೋನಿನ ಹಳೆಯ ಮಾದರಿಯವು. ಹಿಂದೆ ಕಾಲಂಗುಲದ ಗುಂಡುಗಳು ಒಂದೊಂದು ಕಡೆಗೆ ಒಂಬತ್ತು. ಮುಂದೆ 3/16 ಅಂಗುಲದವು ಹತ್ತು ಹತ್ತು. ಯಾವ ಸೈಕಲ್ ಷಾಪಿನ ತಗಡಿನ ಡಬ್ಬಿಯಲ್ಲಿಯೂ ಇವು ಇದ್ದೇ ಇರುತ್ತವೆ.

ಈ ಫ್ರೇಮಿಗೆ ಟಗರುಗೊಂಬು ಕೂಡಿಸುವುದು ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಒಂದು ಅರಿಸಮಾಸ. ಸಂಸ್ಕೃತದ ಪದಕ್ಕೆ ಕನ್ನಡದ ಪದವನ್ನು ಜೋಡಿಸಿ ಸಮಾಸ ಮಾಡಬಾರದೆಂದು ಕೇಶಿರಾಜ ವಿಧಿಸಿದ. ಆದರೆ ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗದಲ್ಲಿಯೂ ಅದಕ್ಕೆ ಅವಕಾಶ ಕೊಟ್ಟ. ಇಲ್ಲಿಯೂ ಹಾಗೆಯೇ, ಕೂಡಿಸಬಹುದು, ಕೂಡಿಸುವ ಕ್ರಮ ಗೊತ್ತಿರಬೇಕು. ಅಡ್ಡ ಹ್ಯಾಂಡಲಿಗೆಂದು ಮಾಡಿದ ಫ್ರೇಮು ಮುಂದಕ್ಕೆ ಉದ್ದವಾಗಿರುತ್ತದೆ. ಟಗರುಗೊಂಬಿನಲ್ಲಿ ಕೈಹಿಡಿಯುವ ಸ್ಥಾನ ಇನ್ನೂ ಎಂಟು ಹತ್ತು ಸೆಂಟಿಮೀಟರು ಮುಂದಕ್ಕೆ ಹೋಗುತ್ತದೆ. ಎರಡೂ ಸೇರಿದರೆ ಸವಾರ ದೀರ್ಘದಂಡ ನಮಸ್ಕಾರ ಹಾಕಿದಂತಾಗುತ್ತಾನೆ. ಆದ್ದರಿಂದ ಹ್ಯಾಂಡಲಿನ ಗೂಟವು ಗಿಡ್ಡನೆಯ ಕತ್ತಿನದಾಗಿ, ಮೇಲಕ್ಕೆ ಎದ್ದುದಾಗಿ ಇರಬೇಕು. ಕೊಂಬುಗಳು ತುದಿಯಲ್ಲಿ ತುಸು ಹೊರಕ್ಕೆ ಅಗಲಿಸಿದ್ದರೆ ಕಲ್ಲುದಾರಿಯಲ್ಲಿ ಹಿಡಿತ ಗಟ್ಟಿಯಾಗುತ್ತದೆ. ಕೆಳಗೊಂಬನ್ನು ಹಿಡಿದಾಗಲೂ ಬೆನ್ನು ಮುರಿಯಬಾರದು. ಅಷ್ಟು ಎತ್ತರಕ್ಕೆ ಅದನ್ನು ಏರಿಸಿದ್ದೇನೆ.

ಪಾಂಡವಪುರದ ಸೈಕಲ್ ಷಾಪಿನ ಸಾಬರು, ನನಗಿಂತ ಹಿರಿಯರು, ಈ ಕೊಂಬನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಮೇಷ್ಟ್ರೆ, ಇದನ್ನ ಹಿಡ್ಕೊಂಡು ಬಗ್ಗಿ ಹೊಡೆಯೋ ವಯಸ್ಸೆ ನಿಮ್ದು?”

“ಬಗ್ಗೋದಕ್ಕಲ್ಲ ಸಾಬರೆ, ಕೈ ಬದಲಾಯಿಸೋದಕ್ಕೆ” ಎಂದೆ.

ನಿಜವಾದ ಕಾರಣ ಅದೇ. ಅಡ್ಡ ಹ್ಯಾಂಡಲಿನಲ್ಲಿ ಅಂಗೈಗೆ ಒಂದೇ ಆಸನ. ಗಂಟೆಗಟ್ಟಲೆ ಅದೇ ಭಂಗಿಯಲ್ಲಿದ್ದರೆ ಅಂಗೈಯ ಅಂಚಿನಲ್ಲಿ ಹಾಯುವ ನರ ಅದುಮಿಕೊಂಡು ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತವೆ. ಟಗರುಗೊಂಬಿನಲ್ಲಿ ಮೂರು ಆಸನಗಳು. ಏರಿನಲ್ಲಿ ಮೇಲಿನ ಅಡ್ಡಪಟ್ಟಿ. ಸಾಮಾನ್ಯ ನಡಿಗೆಗೆ ಬ್ರೇಕಿನ ಗುಬುಟು. ಗಾಳಿಗೂ ಇಳಿಜಾರಿಗೂ ಕೆಳಗೊಂಬು. ಹತ್ತು ನಿಮಿಷಕ್ಕೊಮ್ಮೆ ಬದಲಿಸುತ್ತಿದ್ದರೆ ಕೈಗೆ ಆಯಾಸವೇ ತಿಳಿಯದು. ಕೊಂಬಿನ ಮೇಲೆ ಹತ್ತಿಯ ಪಟ್ಟಿ ಸುತ್ತಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಎರಡು ಮೂರು ಸಲ ಬಳಿಯುವುದು ಯುರೋಪಿನ ಹಳೆಯ ಪ್ರವಾಸಿಗರ ರೂಢಿ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ನಮ್ಮ ಜನಕ್ಕೆ ಅರಗಿನ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಬೆವರಿಗೂ ಮಳೆಗೂ ಅದು ಜಗ್ಗುವುದಿಲ್ಲ.

ಬ್ರೇಕಿನಲ್ಲಿ ಅರಿಸಮಾಸದ ದೋಷ ಬಹು ಸುಲಭವಾಗಿ ನುಸುಳುತ್ತದೆ. ಹೊಸ ಬೆಟ್ಟದ ಸೈಕಲ್ಲುಗಳ ಉದ್ದ ತೋಳಿನ ಬ್ರೇಕಿಗೆ ತಂತಿ ಹೆಚ್ಚು ಎಳೆಯಬೇಕು. ಟಗರುಗೊಂಬಿನ ಸಾಮಾನ್ಯ ಹಿಡಿಗಳು ಅಷ್ಟು ತಂತಿಯನ್ನು ಎಳೆಯವು. ಹಿಡಿ ಅಂಗೈಗೆ ಬಂದರೂ ಚಕ್ರ ನಿಲ್ಲದು. ಹಳೆಯ ಕ್ಯಾಂಟಿಲಿವರ್ ಬ್ರೇಕು, ಅಂದರೆ ಎರಡು ತೋಳುಗಳನ್ನು ನಡುವಣ ಅಡ್ಡತಂತಿಯೊಂದು ಮೇಲಕ್ಕೆ ಎಳೆಯುವ ಬಗೆಯದು, ಈ ಹಿಡಿಗಳಿಗೆ ಹೊಂದುತ್ತದೆ. ಅಡ್ಡತಂತಿಯನ್ನು ಕೆಳಗಿಳಿಸಿದಷ್ಟೂ ಹಿಡಿತದ ಬಲ ಹೆಚ್ಚು. ಬ್ರೇಕಿನ ರಬ್ಬರಿನ ಮುಂತುದಿ ಕೂದಲೆಳೆಯಷ್ಟು ಮೊದಲು ರಿಮ್ಮನ್ನು ಮುಟ್ಟುವಂತೆ ಓರೆಮಾಡಿದರೆ ಕಿರುಚಾಟ ನಿಲ್ಲುತ್ತದೆ. ಇದು ಸೂಕ್ಷ್ಮವೆಂದು ಉದಾಸೀನ ಮಾಡುವಂತಿಲ್ಲ. ನಮ್ಮ ನಾಲೆಗಳ ಏರಿಗೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮೂವತ್ತು ಮಂದಿ ಜಲಸಮಾಧಿಯಾದುದನ್ನು ಈ ಸೀಮೆ ಮರೆತಿಲ್ಲ. ಏರಿಯ ಮೇಲೆ ಹೋಗುವವನು, ಸೈಕಲ್ಲಿನವನೇ ಆಗಲಿ, ಹೊರಡುವ ಮುನ್ನ ಬ್ರೇಕು ನೋಡಿಯೇ ಹೊರಡಬೇಕು.

ಗೇರಿನ ಲೆಕ್ಕ ಹೀಗಿದೆ. ಮುಂದೆ 42, 32, 22 ಹಲ್ಲುಗಳ ಮೂರು ಚಕ್ರ. ಹಿಂದೆ 11ರಿಂದ 32 ಹಲ್ಲಿನವರೆಗೆ ಎಂಟು. ಮುಂದೆ 22, ಹಿಂದೆ 32 ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಹೋಗುವುದು ಒಂದೂವರೆ ಮೀಟರಿಗಿಂತ ತುಸು ಕಡಮೆ. ಕರಿಯ ಸೈಕಲ್ಲಿನ ಆರು ಮೀಟರಿಗೆ ಇದನ್ನು ಹೋಲಿಸಿರಿ. ದಾರಿ ನಾಲ್ಕು ಪಟ್ಟು ನಿಧಾನವಾಗುತ್ತದೆ ನಿಜ, ಆದರೆ ಮೊಣಕಾಲಿನ ಮೇಲಣ ಭಾರವೂ ಕಾಲುಭಾಗಕ್ಕೆ ಇಳಿಯುತ್ತದೆ. ಗೇರು ಬದಲಿಸುವ ಸನ್ನೆಗಳನ್ನು ಕೊಂಬಿನ ತುದಿಗಳಲ್ಲಿ ಕೂಡಿಸಿದ್ದೇನೆ. ಅವು ಟಿಕ್ ಟಿಕ್ ಎಂದು ಮನೆ ಮನೆಗೆ ನೆಗೆಯುವಂಥವಲ್ಲ. ಜಾರುತ್ತಾ ಹೋಗಿ ಬೇಕಾದಲ್ಲಿ ನಿಲ್ಲುವಂಥವು. ಚೈನು ಸರಿಯಾದ ಹಲ್ಲಿನ ಮೇಲೆ ಕುಳಿತಿತೋ ಇಲ್ಲವೋ ಎಂಬುದನ್ನು ಕಿವಿಯೇ ಹೇಳಬೇಕು. ಕರಕರ ಎಂದರೆ ಇನ್ನೂ ಕೂತಿಲ್ಲ, ಸದ್ದಡಗಿದರೆ ಕೂತಿದೆ. ಗೇರಿನ ತೋಳಿನಲ್ಲಿ ಎರಡು ಸಣ್ಣ ತಿರುಪುಗಳಿವೆ. ಒಂದು ಚೈನು ಹೊರಕ್ಕೆ ಬೀಳದಂತೆ, ಇನ್ನೊಂದು ಒಳಗೆ ಕಡ್ಡಿಗಳಿಗೆ ಸಿಕ್ಕಿಕೊಳ್ಳದಂತೆ ಗಡಿ ಕಟ್ಟುತ್ತವೆ. ಮೊದಲು ಇವೆರಡನ್ನು ಸರಿಪಡಿಸಿಕೊಂಡೇ ತಂತಿಯನ್ನು ಬಿಗಿಯಬೇಕು.

ಭಾಗಗಳು ಕೂಡಿದುವು ಎಂದರೆ ಸೈಕಲ್ಲು ಸಿದ್ಧವಾಯಿತೆಂದಲ್ಲ. ವೀಣೆಗೆ ತಂತಿ ಕಟ್ಟಿದ ಮಾತ್ರಕ್ಕೆ ಅದು ನುಡಿದೀತೆ? ಶ್ರುತಿ ಮಾಡಬೇಕು. ಇಲ್ಲಿ ಶ್ರುತಿಯೆಂಬ ಮಾತನ್ನು ನಾನು ಅಲಂಕಾರವಾಗಿ ಮಾತ್ರ ಹೇಳುತ್ತಿಲ್ಲ. ಸಾಬರು ಚಕ್ರದ ಬೆಂಡು ತೆಗೆಯುವಾಗ ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ ಕೇಳುತ್ತಾರೆ. ಬಿಗಿಯಿದ್ದ ಕಡ್ಡಿ ಏರುಸ್ವರ ಕೊಡುತ್ತದೆ, ಸಡಿಲವಿದ್ದುದು ಇಳಿಸ್ವರ. ಮುಂದಿನ ಚಕ್ರದಲ್ಲಿ ಎರಡೂ ಮಗ್ಗುಲ ಕಡ್ಡಿಗಳು ಒಂದೇ ಸ್ವರದಲ್ಲಿರಬೇಕು. ಹಿಂದಿನದರಲ್ಲಿ ಹಾಗಲ್ಲ. ಗೇರಿನ ಚಕ್ರಗಳಿಗೆ ಜಾಗ ಬಿಡಬೇಕಾದುದರಿಂದ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ನಿಲ್ಲುತ್ತವೆ. ಬಲಕ್ಕೆ ಒಂದು ಸ್ವರ, ಎಡಕ್ಕೆ ಅದಕ್ಕಿಂತ ತಗ್ಗಿನ ಇನ್ನೊಂದು. ಆಯಾ ಮಗ್ಗುಲಲ್ಲಿ ಅಪಸ್ವರ ಇರಬಾರದು, ಅಷ್ಟೆ. ಒಂದು ಕಡ್ಡಿ ಸಡಿಲವಾದರೆ ಅದರ ಹೊರೆ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ. ಮುರಿಯುವುದು ಆ ನೆರೆಯದು. ಇದನ್ನು ಕಂಡಾಗ ನನಗೆ ಅವಿಭಕ್ತ ಕುಟುಂಬಗಳ ನೆನಪಾಗುವುದುಂಟು.

ಮೈಗೆ ಹೊಂದಿಸುವ ಕೆಲಸ ಬಂತು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಕಾಲುಗಳ ಸಂದಿಗೆ ಪುಸ್ತಕವೊಂದನ್ನು ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆದುಕೊಳ್ಳಿರಿ. ನನ್ನದು 78 ಸೆಂಟಿಮೀಟರು. ಅದನ್ನು 0.883ರಿಂದ ಗುಣಿಸಿದರೆ 69ಕ್ಕೆ ಸಮೀಪ. ಪೆಡಲು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ದೂರ ಅದು. ಲೆಕ್ಕ ಬೇಡವೆಂದರೆ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿರಿ. ಕಾಲು ನೆಟ್ಟಗಾದರೆ ಸರಿ. ಸೀಟು ತೀರ ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ತೀರ ಎತ್ತರವಿದ್ದರೆ ಹಿಂಭಾಗ. ನೋವೇ ಇಲ್ಲಿ ವ್ಯಾಖ್ಯಾನಕಾರ. ಆದರೆ ಒಂದು ಸಲಕ್ಕೆ ಒಂದನ್ನೇ, ಅದೂ ಐದು ಮಿಲಿಮೀಟರಿನಷ್ಟು ಮಾತ್ರ ಬದಲಿಸಿ, ಎರಡು ದಿನ ತುಳಿದು ನೋಡಬೇಕು. ಎರಡು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದರೆ ಗುಣ ಯಾವುದರಿಂದ ಬಂತೆಂಬುದು ತಿಳಿಯುವುದಿಲ್ಲ. ಹಸ್ತಪ್ರತಿಗಳ ಪಾಠ ಪರಿಷ್ಕರಣದಲ್ಲಿಯೂ ಇದೇ ಸಂಯಮ ಬೇಕು.

ಇಷ್ಟಾದ ಮೇಲೆ ಈ ನಾಲ್ಕು ತಾಲೂಕುಗಳೇ ಸೈಕಲ್ಲಿಗೆ ನಾಲ್ಕು ಪರೀಕ್ಷೆಗಳನ್ನು ಒಡ್ಡುತ್ತವೆ. ಶ್ರೀರಂಗಪಟ್ಟಣದ್ದು ಕೆಸರಿನ ಪರೀಕ್ಷೆ. ಗದ್ದೆಬಯಲಿನ ಅಂಟುಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡಬಲ್ಲುದು. ಅಲ್ಲಿ ಎರಡು ಬೆರಳು ಹೋಗುವಷ್ಟು ಎಡೆ ಬಿಡಬೇಕು.

ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡ ಪಾಂಡವಪುರದ್ದು ಏರಿನ ಪರೀಕ್ಷೆ. ತೊಣ್ಣೂರು ಕೆರೆಯ ದಡದಲ್ಲಿ ವಿಶ್ರಮಿಸಿ, ಪು.ತಿ.ನ. ಅವರ ಹುಟ್ಟೂರಾದ ಮೇಲುಕೋಟೆಗೆ ಏರಿದರೆ ಗೇರಿನ ಲೆಕ್ಕ ಸರಿಯೋ ತಪ್ಪೋ ತಿಳಿದುಹೋಗುತ್ತದೆ. ಏರಿನಲ್ಲಿ ಮಾತನಾಡಲು ಉಸಿರು ಉಳಿದಿದ್ದರೆ ಗೇರು ಸರಿಯಾಗಿದೆಯೆಂದು ಅರ್ಥ.

ಕೃಷ್ಣರಾಜಪೇಟೆಯದು ಗಾಳಿಯ ಪರೀಕ್ಷೆ. ಆಷಾಢದಲ್ಲಿ ನಾಗಮಂಗಲದಿಂದ ಆ ಕಡೆಗೆ ಹೊರಟರೆ ಪಡುವಣ ಗಾಳಿ ಎದುರಿಗೇ ಬರುತ್ತದೆ. ಕೆಳಗೊಂಬನ್ನು ಹಿಡಿದು ತಲೆ ತಗ್ಗಿಸಿದಾಗ ಅದರ ಬೆಲೆ ಗೊತ್ತಾಗುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ಕಿಕ್ಕೇರಿಯ ಬ್ರಹ್ಮೇಶ್ವರ ಇವುಗಳನ್ನು ಹೀಗೆ ಗಾಳಿಯೊಡನೆ ಸೆಣಸಿ ತಲುಪಿದವನಿಗೆ ಆ ಕಲ್ಲಿನ ನೆರಳು ಬೇರೆಯದೇ ತಂಪು ಕೊಡುತ್ತದೆ. ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು, ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರ ಊರು ಎಂಬುದು ನನ್ನಂಥವನಿಗೆ ಇನ್ನಷ್ಟು ಲಾಭ.

ನಾಗಮಂಗಲದ್ದು ಮುಳ್ಳಿನ ಪರೀಕ್ಷೆ. ಅದು ಬಹುಪಾಲು ರಾಗಿಯ ಸೀಮೆ, ಗರಸುನೆಲ, ಜಾಲಿಮುಳ್ಳು. ಅಲ್ಲಿ ಎರಡಂಗುಲದ ಟೈರಿಗೆ ಗಾಳಿ ಹೆಚ್ಚು ತುಂಬುವುದು ಜಾಣತನವಲ್ಲ. ಹಗುರ ಮೈಯ ನನಗೆ ಮುಂದೆ 30, ಹಿಂದೆ 38 ಪೌಂಡು ಸಾಕು. ತುಸು ಮೆದುವಾದ ಟೈರು ಕಲ್ಲನ್ನು ನುಂಗಿಕೊಂಡು ಹೋಗುತ್ತದೆ. ಬಿರುಸಾದ ಟೈರು ಕಲ್ಲಿನಿಂದ ಕಲ್ಲಿಗೆ ಎಗರುತ್ತದೆ. ಪಂಕ್ಚರಾದರೆ ಟ್ಯೂಬಿಗೆ ತೇಪೆ ಹಾಕುವ ಮುನ್ನ ಟೈರಿನ ಒಳಮೈಯಲ್ಲಿ ಹತ್ತಿಯ ಉಂಡೆಯೊಂದನ್ನು ಸುತ್ತ ಆಡಿಸಿರಿ. ಉಳಿದಿರುವ ಮುಳ್ಳಿನ ಮೊನೆ ಹತ್ತಿಯ ಎಳೆಯನ್ನು ಹಿಡಿದುಕೊಂಡು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಧೂಳಿನ ಈ ಸೀಮೆಯಲ್ಲಿ ಚೈನೂ ಬೇಗ ಸವೆಯುತ್ತದೆ. ಹೊಸ ಚೈನಿನ ಹನ್ನೆರಡು ಕೊಂಡಿಜೋಡಿಗಳು ಸರಿಯಾಗಿ ಹನ್ನೆರಡು ಅಂಗುಲ. ಅದು ಹದಿನಾರರಲ್ಲೊಂದು ಅಂಗುಲ ಬೆಳೆಯಿತೆಂದರೆ ಬದಲಿಸಿಬಿಡಬೇಕು. ಲೋಭ ಮಾಡಿದರೆ ಅದು ಗೇರಿನ ಹಲ್ಲುಗಳನ್ನೂ ತಿಂದುಹಾಕುತ್ತದೆ.

ಶ್ರೋತೃಗಳೆ, ಇದೆಲ್ಲದರಲ್ಲಿ ನನ್ನ ಮನಸ್ಸನ್ನು ಕಲಕಿದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಾನು ಹುಡುಗನಾಗಿದ್ದಾಗ ಪೇಟೆಯ ಬೀದಿಬೀದಿಗೂ ಸೈಕಲ್ ಷಾಪುಗಳಿದ್ದವು. ಗಂಟೆಯ ಬಾಡಿಗೆಗೆ ಸೈಕಲ್ಲು ದೊರೆಯುತ್ತಿತ್ತು. ಈಗ ಅಂಥ ಅಂಗಡಿಗಳನ್ನು ಹುಡುಕಬೇಕು. ಸಾಬರ ಮಕ್ಕಳು ಮೋಟಾರು ಬೈಕಿನ ಕೆಲಸಕ್ಕೆ ಹೋದರು. ಚಕ್ರ ಕಟ್ಟಲು ಕಲಿಯುವವರು ಯಾರಾದರೂ ಇದ್ದಾರೆಯೆ ಎಂದು ಕೇಳಿದೆ. “ಕಿವಿ ಇರೋನು ಬೇಕು ಮೇಷ್ಟ್ರೆ, ಕೈ ಇರೋರು ಬೇಕಾದಷ್ಟು ಜನ ಸಿಕ್ತಾರೆ” ಎಂದರು. ಶಾಸನದ ಅಕ್ಷರವನ್ನು ಓದಬಲ್ಲವರು ವಿರಳವಾಗುತ್ತಿರುವ ಸಂಕಟ ನನ್ನದು. ಕಡ್ಡಿಯ ಸ್ವರವನ್ನು ಕೇಳಬಲ್ಲವರು ವಿರಳವಾಗುತ್ತಿರುವ ಸಂಕಟ ಅವರದು. ಎರಡೂ ಗುರುವಿನ ಮಗ್ಗುಲಲ್ಲಿ ಕುಳಿತು ಕಲಿಯಬೇಕಾದ ವಿದ್ಯೆಗಳು.

ಹೀಗಾಗಿ ವಾರಕ್ಕೆ ಎರಡು ದಿನ ನಾನು ಅವರ ಅಂಗಡಿಯ ಮೊಳೆ ಕಿತ್ತ ಸ್ಟೂಲಿನ ಮೇಲೆ ಕುಳಿತು ಚಕ್ರ ಕಟ್ಟುವುದನ್ನು ಅಭ್ಯಾಸಮಾಡುತ್ತಿದ್ದೇನೆ. ಮೊದಲು ಕಟ್ಟಿದ ಚಕ್ರವನ್ನು ಸಾಬರು ತಿರುಗಿಸಿ ನೋಡಿ ಏನೂ ಹೇಳದೆ ಎರಡು ಕಡ್ಡಿಗಳನ್ನು ಕಾಲುಸುತ್ತು ಬಿಗಿದರು. ನನ್ನ ಅಧ್ಯಾಪಕರು ಪ್ರಬಂಧ ತಿದ್ದುತ್ತಿದ್ದ ರೀತಿಯೂ ಅದೇ ಆಗಿತ್ತು. ನಿಮ್ಮ ಅಟ್ಟದಲ್ಲಿಯೂ ಉಕ್ಕಿನ ಹಳೆಯ ಸೈಕಲ್ಲೊಂದು ಇದ್ದರೆ ಅದನ್ನು ಕೆಳಗಿಳಿಸಿ, ನಿಮ್ಮೂರಿನಲ್ಲಿ ಇನ್ನೂ ಉಳಿದಿರುವ ಷಾಪಿಗೆ ಒಯ್ಯಿರಿ. ಅಲ್ಲಿನ ಹಿರಿಯರು ಕಡ್ಡಿಯನ್ನು ಮೀಟುವಾಗ ನೀವೂ ಕಿವಿಗೊಡಿರಿ. ಸಾಧ್ಯವಾದರೆ ಮೊಮ್ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿರಿ.